ಉಡುಗೆ, ನಗೆ ಮತ್ತು ಒಂದು ಚಪ್ಪರ

ಮೇಗುಂದದ ಸೀಮೆಯಲ್ಲಿ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮಲೆಸೆರಗಿನಲ್ಲಿ, ಜನರ ಉಡುಗೆಯನ್ನು ಬಹುಕಾಲ ನಿರ್ಧರಿಸಿದವನು ಮಳೆರಾಯನೇ. ನಟ್ಟಿಯ ಗದ್ದೆಯಲ್ಲಿ ಬೆನ್ನು ಬಾಗಿಸಿ ನಿಂತ ಹೆಂಗಸರಿಗೆ ಗೊರಬು ಬೇಕಾಗಿತ್ತು. ಹೊರಗೆ ಹೊರಟ ಗಂಡಸಿಗೆ ಕಂಬಳಿಕೊಪ್ಪೆ ಬೇಕಾಗಿತ್ತು. ತಲೆಹೊರೆ ಹೊರುವವನಿಗೆ ಅಡಿಕೆಯ ಹಾಳೆಯಿಂದ ಮಾಡಿದ ಟೊಪ್ಪಿ ಬೇಕಾಗಿತ್ತು. ಇವುಗಳಲ್ಲಿ ಯಾವುದನ್ನೂ ಯಾರೂ ಅಂದಕ್ಕಾಗಿ ತೊಟ್ಟವರಲ್ಲ. ಆದರೂ ತೊಟ್ಟವರು ಯಾರು, ಅವರು ತೋಟದ ಒಡೆಯರೋ ಆಳುಗಳೋ, ಘಟ್ಟದ ಕೆಳಗಿನವರೋ ಮೇಲಿನವರೋ ಎಂಬುದನ್ನು ದೂರದಿಂದಲೇ ಹೇಳಿಬಿಡುವ ಶಕ್ತಿ ಅವುಗಳಿಗಿತ್ತು. ಉಡುಗೆಯು ಮೈಯನ್ನು ಮುಚ್ಚುವಂತೆಯೇ ಮನುಷ್ಯನನ್ನು ತೆರೆದು ತೋರಿಸುವುದೂ ಉಂಟು. ಉಡುಗೆಯ ಕುರಿತಾದ ನಗೆಯೆಲ್ಲ ಹುಟ್ಟುವುದು ಈ ಎರಡನೆಯ ಗುಣದಿಂದಲೇ.

ಇಂಥ ನಗೆ ಹೊಸತೇನೂ ಅಲ್ಲ. ಮಲೆನಾಡಿನ ಯಕ್ಷಗಾನದ ರಂಗಸ್ಥಳದಲ್ಲಿ ರಾಜನ ಕಿರೀಟ, ಭುಜಕೀರ್ತಿಗಳೆಲ್ಲ ಝಗಝಗಿಸುತ್ತಿರುವಾಗ ಅದೇ ರಾಜನ ಎದುರಿಗೆ ಬಂದು ನಿಂತು, ಅವನ ಠೀವಿಯನ್ನು ಅಣಕಿಸಿ ಜನರನ್ನು ನಗಿಸುವ ಅಧಿಕಾರ ಹಾಸ್ಯಗಾರನಿಗೆ ಉಂಟು. ಅವನು ತನ್ನ ಮುಖಕ್ಕೂ ಬಣ್ಣ ಬಳಿದುಕೊಂಡಿರುತ್ತಾನೆ. ತಾನೂ ವಿಚಿತ್ರವಾದ ವೇಷವನ್ನೇ ತೊಟ್ಟಿರುತ್ತಾನೆ. ರಾಜನಿಗೆ ಎದುರುತ್ತರ ಕೊಡುವ ಅವಕಾಶವಿರುತ್ತದೆ. ಇಬ್ಬರ ಮೇಲೂ ಒಂದೇ ದೀಪದ ಬೆಳಕು ಬಿದ್ದಿರುತ್ತದೆ. ಮುದ್ರಣದ ಲೋಕದಲ್ಲಿಯೂ ಈ ಪರಂಪರೆ ಮುಂದುವರಿಯಿತು. ರಾಶಿಯವರೆಂದು ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಮಾಸಪತ್ರಿಕೆ 1967ರವರೆಗೆ ಕನ್ನಡಿಗರನ್ನು ನಗಿಸಿತು. ಆರ್. ಕೆ. ಲಕ್ಷ್ಮಣರ ಆರಂಭದ ವ್ಯಂಗ್ಯಚಿತ್ರಗಳು ಆ ಪುಟಗಳಲ್ಲಿ ಪ್ರಕಟವಾದವು. ಅಲ್ಲಿ ಬರೆದವರ ಹೆಸರಿತ್ತು, ಸಂಪಾದಕರ ವಿಳಾಸವಿತ್ತು, ಮುನಿದವರು ಪತ್ರ ಬರೆಯಬಹುದಾಗಿತ್ತು. ನಗಿಸುವವನು ತನ್ನ ನಗೆಗೆ ತಾನೇ ಜಾಮೀನು ನಿಲ್ಲುತ್ತಿದ್ದ ಕಾಲವದು.

ಈಗಿನ ಅಣಕದ ಬಗೆ ಬೇರೆ. ಅದಕ್ಕೆ ‘ಮೀಮ್’ ಎಂದು ಹೆಸರು. ಈ ಪದವನ್ನು ಟಂಕಿಸಿದವನು ಅಂತರಜಾಲದ ತಂತ್ರಜ್ಞನಲ್ಲ. ಆಂಗ್ಲ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್. 1976ರಲ್ಲಿ ಪ್ರಕಟವಾದ ‘ದಿ ಸೆಲ್ಫಿಶ್ ಜೀನ್’ ಎಂಬ ಗ್ರಂಥದಲ್ಲಿ, ಜೀವಿಯಿಂದ ಜೀವಿಗೆ ವಂಶವಾಹಿ ಹರಿಯುವಂತೆ ಮನಸ್ಸಿನಿಂದ ಮನಸ್ಸಿಗೆ ಅನುಕರಣೆಯ ಮೂಲಕ ಹರಿಯುವ ಸಂಗತಿಗಳನ್ನು ಸೂಚಿಸಲು ಅವನಿಗೆ ಒಂದು ಪದ ಬೇಕಾಯಿತು. ‘ಅನುಕರಿಸಲ್ಪಟ್ಟದ್ದು’ ಎಂಬ ಅರ್ಥವುಳ್ಳ ಗ್ರೀಕ್ ಮೂಲವೊಂದನ್ನು ಮೊಟಕುಗೊಳಿಸಿ ಅವನು ಈ ಪದವನ್ನು ಮಾಡಿದನು. ಸ್ವಾರಸ್ಯವೇನೆಂದರೆ, ಮೀಮ್‌ಗಳಿಗೆ ಅವನು ಕೊಟ್ಟ ಉದಾಹರಣೆಗಳಲ್ಲಿ ಹಾಡಿನ ಧಾಟಿ, ಜನಪ್ರಿಯ ನುಡಿಗಟ್ಟುಗಳ ಜೊತೆಗೆ ಉಡುಪಿನ ಫ್ಯಾಷನ್ನೂ ಸೇರಿದೆ. ಹಾಗಾದರೆ ಫ್ಯಾಷನ್ ಎಂಬುದೇ ಒಂದು ಮೀಮ್. ಒಬ್ಬನು ತೊಟ್ಟದ್ದನ್ನು ಇನ್ನೊಬ್ಬನು ನೋಡಿ ತೊಡುತ್ತಾನೆ. ಒಬ್ಬನು ನಕ್ಕದ್ದನ್ನು ನೋಡಿ ಇನ್ನೊಬ್ಬನು ನಗುತ್ತಾನೆ. ಕೂದಲಿಗೆ ಬಣ್ಣ ಹಚ್ಚಿಕೊಂಡವನೂ ಅವನನ್ನು ಗೇಲಿ ಮಾಡಿದವನೂ ಇಬ್ಬರೂ ಅನುಕರಣೆಯನ್ನೇ ಮಾಡಿರುತ್ತಾರೆ. ತನ್ನದು ಮಾತ್ರ ಸ್ವಂತ ಬುದ್ಧಿ ಎಂದು ನಗುವವನು ಭಾವಿಸುತ್ತಾನೆ, ಅಷ್ಟೆ.

ಮೀಮಿನ ರಚನೆ ಅತಿ ಸರಳ. ಯಾರದೋ ಭಾವಚಿತ್ರ, ಅದರ ಪಕ್ಕದಲ್ಲಿ ಚಲನಚಿತ್ರದ ಹಾಸ್ಯನಟನೊಬ್ಬನ ಮುಖ, ಮೇಲೊಂದು ಕೆಳಗೊಂದು ಸಾಲು ಬರೆಹ. ಕೈಯಲ್ಲಿರುವ ದೂರವಾಣಿಯಲ್ಲಿಯೇ ಎರಡು ನಿಮಿಷದಲ್ಲಿ ಇದು ಸಿದ್ಧವಾಗುತ್ತದೆ. ಬಿಗಿಯಾದ ಪ್ಯಾಂಟು, ಕೆಂಪಗೆ ಮಾಡಿದ ಮುಂಗೂದಲು, ಕನ್ನಡಿಯಂತೆ ಹೊಳೆಯುವ ಕಪ್ಪು ಕನ್ನಡಕ, ಬೈಕಿನ ಮೇಲೆ ಒರಗಿ ನಿಂತ ಭಂಗಿ, ಇವೆಲ್ಲ ಅದಕ್ಕೆ ಒಳ್ಳೆಯ ಆಹಾರ. ಮೊದಮೊದಲು ಮಲೆನಾಡಿನ ಮನೆಗಳಲ್ಲಿ ದೂರವಾಣಿಯ ಸಂಕೇತ ಹಿಡಿಯಬೇಕಾದರೆ ಗುಡ್ಡದ ನೆತ್ತಿಗೆ ಹತ್ತಬೇಕಾಗಿತ್ತು. ಇಂದಿಗೂ ಕೆಲವು ಹಳ್ಳಿಗಳಲ್ಲಿ ಹಾಗೆಯೇ. ಆದರೆ ಗೇಲಿಯ ಚಿತ್ರಕ್ಕೆ ಗುಡ್ಡ ಹತ್ತುವ ಶ್ರಮವಿಲ್ಲ. ಹತ್ತಿದವನೊಬ್ಬನಿದ್ದರೆ ಸಾಕು, ಸಂಜೆಯೊಳಗೆ ಊರಿಗೆಲ್ಲ ಇಳಿದು ಬರುತ್ತದೆ.

ಈ ಗೇಲಿಗೆ ಇತ್ತೀಚಿನ ವರ್ಷಗಳಲ್ಲಿ ಒಂದು ಪದ ಬಲು ಪ್ರಿಯವಾಗಿದೆ. ಹಿಂದಿಯಿಂದ ಬಂದು ಕನ್ನಡದ ಹುಡುಗರ ಬಾಯಲ್ಲೂ ನೆಲೆಸಿದ ಆ ಪದ ‘ಛಪ್ರಿ’. ಅಗ್ಗದ ಅಂಗಡಿಯಲ್ಲಿ ಕೊಂಡ ಥಳಕಿನ ಬಟ್ಟೆ ತೊಟ್ಟು, ಕೂದಲಿಗೆ ಬಣ್ಣ ಹಚ್ಚಿ, ತನಗೆ ನಿಲುಕದ ಸೊಗಸನ್ನು ನಟಿಸುವವನು ಎಂಬುದು ಅದರ ಇಂಗಿತ. ಕೇಂದ್ರ ಸರ್ಕಾರವು 2020ರ ಜೂನ್ 29ರಂದು ಟಿಕ್‌ಟಾಕ್ ಮೊದಲಾದ 59 ಅನ್ವಯಿಕಗಳನ್ನು ನಿಷೇಧಿಸುವ ಮುನ್ನ, ಹಳ್ಳಿಯ ಮತ್ತು ಸಣ್ಣ ಊರಿನ ಸಾವಿರಾರು ಹುಡುಗ ಹುಡುಗಿಯರು ಅದರಲ್ಲಿ ಕುಣಿದು ಹಾಡಿ ತಮ್ಮನ್ನು ತಾವು ತೋರಿಸಿಕೊಂಡಿದ್ದರು. ಅವರನ್ನು ನೋಡಿ ನಗುವುದೇ ಪಟ್ಟಣದ ಇನ್ನೊಂದು ವರ್ಗಕ್ಕೆ ಮನೋರಂಜನೆಯಾಯಿತು. ಆ ಅನ್ವಯಿಕ ಹೋಯಿತು. ಆ ನಗೆ ಮಾತ್ರ ಉಳಿಯಿತು.

ಮೇಗುಂದದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬನಿದ್ದನು. ದಸರೆಯ ರಜೆಯಲ್ಲಿ ಬಂಧುಗಳ ಮದುವೆಗೆಂದು ಪಟ್ಟಣಕ್ಕೆ ಹೋದವನು ಮುಂಗೂದಲಿನ ತುದಿಗೆ ತಾಮ್ರದ ಬಣ್ಣ ಹಾಕಿಸಿಕೊಂಡು ಬಂದನು. ಸಹಪಾಠಿಯೊಬ್ಬನು ಅವನ ಚಿತ್ರದ ಕೆಳಗೆ ಮೇಲೆ ಹೇಳಿದ ಪದವನ್ನು ಬರೆದು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದನು. ಮರುದಿನ ಆ ಹುಡುಗ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನಾಲ್ಕನೆಯ ದಿನ ಕನ್ನಡದ ಮೇಷ್ಟರು ಶಾಲೆ ಬಿಟ್ಟ ಮೇಲೆ ಎರಡು ಮೈಲಿ ನಡೆದು ಅವನ ಮನೆಗೆ ಹೋದರು. ತಂದೆ ಮನೆಯಲ್ಲಿರಲಿಲ್ಲ; ಸಮೀಪದ ತೋಟದ ಮನೆಯ ಅಂಗಳದಲ್ಲಿ ಕೂಲಿಗೆ ಹೋಗಿದ್ದನು. ದೀಪಾವಳಿ ಹತ್ತಿರವಾಗಿತ್ತು. ಕೊನೆಕೊಯ್ಲು ಆರಂಭವಾಗುವುದಕ್ಕೆ ಮುಂಚೆ ಅಡಿಕೆ ಒಣಗಿಸುವ ಚಪ್ಪರ ಎದ್ದು ನಿಲ್ಲಬೇಕಾಗಿತ್ತು. ಕಂಬಗಳನ್ನು ನಿಲ್ಲಿಸಿ, ಗಳುಗಳನ್ನು ಹಾಸಿ, ಅಡಿಕೆಯ ದಬ್ಬೆಗಳನ್ನು ಹಗ್ಗದಿಂದ ಬಿಗಿಯುತ್ತ ಅವನು ಮೇಲೆ ಕುಳಿತಿದ್ದನು. ಮೇಷ್ಟರನ್ನು ಕಂಡೊಡನೆ ಗಡಬಡಿಸಿ ಕೆಳಗಿಳಿದನು.

“ಹುಡುಗಂಗೆ ಏನಾಯ್ತೋ ಗೊತ್ತಿಲ್ಲ ಮೇಷ್ಟ್ರೆ. ಊಟಾನೂ ಸರಿ ಮಾಡ್ತಿಲ್ಲ, ಮಾತೂ ಆಡ್ತಿಲ್ಲ. ಏನೋ ಚಪ್ರಿ ಅಂದ್ರಂತೆ. ಹಂಗಂದ್ರೆ ಏನು?” ಎಂದು ಕೇಳಿದನು.

ಮೇಷ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಮೂಲದಲ್ಲಿ ಅದು ಬೈಗುಳ ಅಲ್ಲ. ಚಪ್ಪರ ಕಟ್ಟುವವರು ಅಂತ ಅರ್ಥ ಬರುವ ಮಾತು” ಎಂದರು.

ತಂದೆ ಮೇಲಿನ ದಬ್ಬೆಗಳತ್ತ ಒಮ್ಮೆ ನೋಡಿದನು. “ಹಂಗಾರೆ ಅದು ನಾನೇ ಅಲ್ವಾ ಮೇಷ್ಟ್ರೆ?” ಎಂದು ನಕ್ಕನು. ಅವನ ನಗೆಯಲ್ಲಿ ಕಹಿಯಿರಲಿಲ್ಲ. ಅದಕ್ಕೆ ಏನು ಹೇಳಬೇಕೆಂಬುದು ಮೇಷ್ಟರಿಗೆ ತಿಳಿಯಲಿಲ್ಲ.

ಮೇಷ್ಟರು ಹೇಳಿದ ಮಾತಿಗೆ ಆಧಾರ ಉಂಟು. ‘ಛಪ್ಪರ್’ ಎಂದರೆ ಹಿಂದಿಯಲ್ಲಿ ಹುಲ್ಲಿನ ಮಾಡು. ಕನ್ನಡದ ಚಪ್ಪರ ಅದರ ಒಡಹುಟ್ಟು. ಛಪ್ಪರ್‌ಬಂದ್ ಎಂಬ ಸಮುದಾಯದ ಹೆಸರಿನೊಂದಿಗೆ ಈ ಬೈಗುಳಕ್ಕಿರುವ ನಂಟನ್ನು ಹಲವರು ಗುರುತಿಸಿದ್ದಾರೆ. ಮೊಗಲರ ದಂಡಿನೊಂದಿಗೆ ದಕ್ಷಿಣಕ್ಕೆ ಬಂದು, ಸೈನ್ಯ ಬೀಡುಬಿಟ್ಟಲ್ಲೆಲ್ಲ ಹುಲ್ಲಿನ ಬಿಡಾರಗಳನ್ನು ಕಟ್ಟಿಕೊಡುತ್ತಿದ್ದವರು ಇವರೆಂಬುದು ಪ್ರತೀತಿ. ವಿಜಯಪುರದ ಕಡೆಯಲ್ಲಿ ಇವರ ಮನೆಗಳು ಇಂದಿಗೂ ಉಂಟು. ಬ್ರಿಟಿಷರ ಆಳ್ವಿಕೆಯಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ 1871ರಲ್ಲಿ ಜಾರಿಗೆ ಬಂದಿತು. ಅದರ ನೆರಳಿನಲ್ಲಿ ಹುಟ್ಟಿನಿಂದಲೇ ಕಳ್ಳರೆಂದು ಹಣೆಪಟ್ಟಿ ಹಚ್ಚಿಸಿಕೊಂಡ ಸಮುದಾಯಗಳಲ್ಲಿ ಇವರೂ ಸೇರಿದರು. ಸ್ವತಂತ್ರ ಭಾರತವು 1952ರಲ್ಲಿ ಆ ಕಾಯಿದೆಯನ್ನು ರದ್ದುಗೊಳಿಸಿತು. ಕಾಯಿದೆ ಅಳಿಸಿದ ಕಳಂಕವನ್ನು ಎಪ್ಪತ್ತು ವರ್ಷಗಳ ತರುವಾಯ ಮೊಬೈಲಿನ ಪರದೆ ಮತ್ತೆ ಬರೆಯುತ್ತಿದೆ. ಬರೆಯುವವನಿಗೆ ತಾನು ಏನು ಬರೆಯುತ್ತಿದ್ದೇನೆಂಬ ಅರಿವಿಲ್ಲದಿರುವುದೇ ಅದರ ದೊಡ್ಡ ಅಪಾಯ.

ಶರಣರ ಮಾರ್ಗದಲ್ಲಿ ನಡೆಯುವ ವಿದ್ಯಾಸಂಸ್ಥೆಗೆ ಈ ಸಂಗತಿ ಹೊರಗಿನದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಡೆದುದು ಇದಕ್ಕೆ ನೇರ ವಿರುದ್ಧವಾದ ಕ್ರಿಯೆ. ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ತುರುಗಾಹಿ ರಾಮಣ್ಣ ಈ ಹೆಸರುಗಳನ್ನು ಗಮನಿಸಬೇಕು. ಹಗ್ಗ ಹೊಸೆಯುವುದು, ಬಿದಿರು ಸೀಳಿ ಬುಟ್ಟಿ ಹೆಣೆಯುವುದು, ದೋಣಿ ನಡೆಸುವುದು, ಬಟ್ಟೆ ಒಗೆಯುವುದು, ದನ ಕಾಯುವುದು, ಇವನ್ನೆಲ್ಲ ಅಂದಿನ ಸಮಾಜ ಕೀಳೆಂದು ಎಣಿಸಿದ್ದಿತು. ಆ ಕಸುಬುಗಳ ಹೆಸರನ್ನು ಮುಚ್ಚಿಟ್ಟುಕೊಳ್ಳುವ ಬದಲು ಶರಣರು ತಮ್ಮ ಹೆಸರಿನ ಮುಂದೆಯೇ ಇಟ್ಟುಕೊಂಡರು. ಅವಮಾನದ ಪದ ಆಭರಣವಾಯಿತು. ಇಂದಿನ ಗೇಲಿಯು ಒಂದು ಕಾಯಕದ ಹೆಸರನ್ನು ಅವಮಾನದ ಪದವಾಗಿ ಮಾಡುತ್ತಿದೆ. ಚಪ್ಪರ ಕಟ್ಟಲು ಹಗ್ಗವೂ ಬೇಕು, ಬಿದಿರೂ ಬೇಕು. ಚಂದಯ್ಯನೂ ಕೇತಯ್ಯನೂ ಕೈಗೂಡಿಸದೆ ಅದು ನಿಲ್ಲದು.

ಶರಣರು ವೇಷವನ್ನೂ ನಗೆಯನ್ನೂ ತಿರಸ್ಕರಿಸಿದವರಲ್ಲ ಎಂಬುದೂ ಸ್ಮರಣೀಯ. ಬಹುರೂಪಿ ಚೌಡಯ್ಯನೆಂಬ ಶರಣನಿಗೆ ನಾನಾ ವೇಷ ಹಾಕಿ ಜನರೆದುರು ಆಡುವುದೇ ಕಾಯಕವಾಗಿತ್ತು. ಅವನು ಪರರ ರೂಪವನ್ನು ತನ್ನ ಮೈಮೇಲೆ ತಾಳಿದನೇ ಹೊರತು ಪರರ ಮೈಯನ್ನು ತನ್ನ ಆಟಕ್ಕೆ ಎಳೆದುತರಲಿಲ್ಲ. ಇನ್ನು ಉಡುಗೆಯ ಪ್ರಶ್ನೆಯನ್ನು ಅದರ ಕೊನೆಯ ಅಂಚಿನವರೆಗೆ ಒಯ್ದವಳು ಉಡುತಡಿಯ ಅಕ್ಕಮಹಾದೇವಿ. ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ತೊರೆದು ಕೇಶವನ್ನೇ ಹೊದ್ದು ಅವಳು ಕಲ್ಯಾಣಕ್ಕೆ ಬಂದಾಗ ಅನುಭವಮಂಟಪದಲ್ಲಿ ಅಲ್ಲಮಪ್ರಭು ಅವಳನ್ನು ಸುಮ್ಮನೆ ಬಿಡಲಿಲ್ಲ. ಬಟ್ಟೆಯನ್ನು ಬಿಟ್ಟವಳು ಕೂದಲಿನಿಂದ ಮುಚ್ಚಿಕೊಂಡುದೇಕೆ ಎಂಬಂಥ ಕಠಿಣ ಪ್ರಶ್ನೆಗಳನ್ನೇ ಕೇಳಿದನೆಂದು ಶೂನ್ಯಸಂಪಾದನೆ ನಿರೂಪಿಸುತ್ತದೆ. ಮೇಲುನೋಟಕ್ಕೆ ಅದೂ ಉಡುಗೆಯನ್ನು ಕುರಿತ ಚುಚ್ಚುಮಾತೇ. ಆದರೆ ಅಲ್ಲಮನು ಎದುರಿಗೆ ಕುಳಿತು ಕೇಳಿದನು, ಉತ್ತರಕ್ಕೆ ಕಾದನು, ಉತ್ತರ ಬಂದಾಗ ತಲೆಬಾಗಿದನು. ಪ್ರಶ್ನೆಗೂ ಅಪಹಾಸ್ಯಕ್ಕೂ ಇರುವ ಅಂತರ ಇಷ್ಟೇ. ಪ್ರಶ್ನೆಗೆ ಉತ್ತರ ಬೇಕು, ಅಪಹಾಸ್ಯಕ್ಕೆ ಉತ್ತರ ಬೇಡ.

ಉಡುಗೆಯಿಂದ ಮನುಷ್ಯನನ್ನು ಅಳೆಯುವ ರೂಢಿ ಹುಡುಗರದು ಮಾತ್ರವೆಂದು ಭಾವಿಸುವಂತಿಲ್ಲ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರದ ಮೆಟ್ರೊ ನಿಲ್ದಾಣದಲ್ಲಿ, ಕೈಯಲ್ಲಿ ಟಿಕೆಟ್ಟಿದ್ದರೂ ಬಟ್ಟೆ ಕೊಳೆಯಾಗಿದೆಯೆಂದು ರೈತನೊಬ್ಬನನ್ನು ತಡೆಯಲಾಯಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಮಾಗಡಿ ರಸ್ತೆಯ ದೊಡ್ಡ ಮಳಿಗೆಯೊಂದಕ್ಕೆ ಮಗನೊಡನೆ ಚಲನಚಿತ್ರ ನೋಡಲು ಬಂದ ಹಾವೇರಿ ಜಿಲ್ಲೆಯ ವೃದ್ಧ ರೈತರನ್ನು ಪಂಚೆ ಉಟ್ಟ ಕಾರಣಕ್ಕೆ ಒಳಗೆ ಬಿಡಲಿಲ್ಲ. ವಿಷಯ ವಿಧಾನಸಭೆಯವರೆಗೆ ಹೋಗಿ, ಆ ಮಳಿಗೆಯನ್ನು ಏಳು ದಿನ ಮುಚ್ಚಿಸಲಾಗುವುದೆಂದು ಸರ್ಕಾರ ಪ್ರಕಟಿಸಿತು. ಆ ಸಂದರ್ಭಗಳಲ್ಲಿ ಅನ್ಯಾಯವನ್ನು ಲೋಕಕ್ಕೆ ತೋರಿಸಿದುದು ಅದೇ ಮೊಬೈಲ್ ದೂರವಾಣಿ, ಅದೇ ಜಾಲತಾಣ ಎಂಬುದನ್ನೂ ನ್ಯಾಯದೃಷ್ಟಿಯಿಂದ ಹೇಳಲೇಬೇಕು. ಕತ್ತಿಯೊಂದೇ, ಅಡಿಕೆ ಸುಲಿಯುವ ಕೈಯಲ್ಲಿ ಅದರ ಗುಣ ಬೇರೆ.

ಅದೇ ಹಾವೇರಿಯ ನೆಲದವರು, ಶಿಗ್ಗಾಂವಿಯಲ್ಲಿ 1950ರಲ್ಲಿ ಜನಿಸಿದ ಲೇಖಕಿ ಶ್ರೀಮತಿ ಸುಧಾ ಮೂರ್ತಿಯವರು. 2017ರಲ್ಲಿ ಪ್ರಕಟವಾದ ತಮ್ಮ ಪುಸ್ತಕವೊಂದರಲ್ಲಿ, ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ತಮ್ಮ ಸಾದಾ ಉಡುಪನ್ನು ಕಂಡ ಮಹಿಳೆಯೊಬ್ಬರು ತಮ್ಮನ್ನು ಅಗ್ಗದ ದರ್ಜೆಯ ಪ್ರಯಾಣಿಕಳೆಂದು ಹೀಯಾಳಿಸಿದ ಪ್ರಸಂಗವನ್ನು ಅವರು ಬರೆದಿದ್ದಾರೆ. 2023ರ ಮೇ ತಿಂಗಳಲ್ಲಿ ದೂರದರ್ಶನದ ಹಾಸ್ಯ ಕಾರ್ಯಕ್ರಮವೊಂದರಲ್ಲಿ ಅವರು ಇನ್ನೊಂದು ಸಂಗತಿ ಹೇಳಿದರು. ಲಂಡನ್ನಿನ ವಾಸದ ವಿಳಾಸವೆಂದು ಅಳಿಯನ ಅಧಿಕೃತ ನಿವಾಸವನ್ನು ಬರೆದಾಗ, ಅಧಿಕಾರಿ ಇವರ ವೇಷವನ್ನು ನೋಡಿ ನಂಬಲಿಲ್ಲವಂತೆ. ಆ ಅಳಿಯ ಅಂದಿನ ಬ್ರಿಟನ್ನಿನ ಪ್ರಧಾನಿ. ಮಾತು ಹೊರಬಿದ್ದದ್ದೇ ತಡ, ಅವರ ಸರಳತೆಯನ್ನೇ ಗೇಲಿ ಮಾಡುವ ಮೀಮ್‌ಗಳು ಹರಿದಾಡಿದವು. ಸಾದಾ ಉಟ್ಟರೆ ಒಂದು ನಗೆ, ಸಾದಾ ಉಡುತ್ತೇನೆಂದರೆ ಇನ್ನೊಂದು ನಗೆ. ಪ್ರಸಿದ್ಧರಾದವರು ಅದನ್ನು ತಡೆದುಕೊಳ್ಳಬಲ್ಲರು. ಅವರಿಗೆ ಮಾತನಾಡಲು ವೇದಿಕೆ ಉಂಟು. ಗಾಂಧೀಜಿಯವರು 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ತುಂಡುಪಂಚೆಯನ್ನು ಸ್ವೀಕರಿಸಿದರು. 1931ರಲ್ಲಿ ಚರ್ಚಿಲ್ಲನು ಅವರನ್ನು ಅರೆಬೆತ್ತಲೆಯ ಫಕೀರನೆಂದು ಹಳಿದನು. ಅದೇ ವರ್ಷ ಅವರು ಅದೇ ಉಡುಪಿನಲ್ಲಿ ಲಂಡನ್ನಿನ ಅರಮನೆಯಲ್ಲಿ ಚಕ್ರವರ್ತಿಯನ್ನು ಕಂಡರು. ಹತ್ತನೆಯ ತರಗತಿಯ ಹುಡುಗನಿಗೆ ಅಂಥ ಅರಮನೆ ಎಲ್ಲಿದೆ? ಅವನ ಲೋಕವೆಂದರೆ ನಲವತ್ತು ಸಹಪಾಠಿಗಳು. ಆ ನಲವತ್ತು ಮಂದಿ ನಕ್ಕರೆ ಲೋಕವೇ ನಕ್ಕಂತೆ.

ಹಳೆಯ ವಿದ್ಯಾರ್ಥಿಗಳು ಈ ವಿಷಯದಲ್ಲಿ ತಮ್ಮ ಹರೆಯವನ್ನು ಒಮ್ಮೆ ನೆನೆಯುವುದು ಲೇಸು. ಯಾವುದೇ ಶಾಲೆಯ 1970ರ ದಶಕದ ಸಂಚಿಕೆಯನ್ನು ತೆರೆದರೂ ಹಿಂದಿನ ಸಾಲಿನಲ್ಲಿ ನಿಂತ ತರುಣರ ಕಾಲುಗಳಲ್ಲಿ ನೆಲ ಗುಡಿಸುವ ಬೆಲ್‌ಬಾಟಮ್ ಪ್ಯಾಂಟು ಕಾಣದಿರದು. ಕೊರಳಪಟ್ಟಿ ಆನೆಯ ಕಿವಿಯಂತೆ, ಕೂದಲು ಕಿವಿಯನ್ನು ಮುಚ್ಚಿ, ಕೆನ್ನೆಯ ಮೇಲೆ ಇಳಿದ ಕೃದಾ. ಆಗಿನ ಮುಖ್ಯೋಪಾಧ್ಯಾಯರು ‘ಹಿಪ್ಪಿ’ ಎಂದು ಗದರಿ, ಕ್ಷೌರದಂಗಡಿಗೆ ಅಟ್ಟಿದುದನ್ನು ಇಂದು ಅವರು ಪ್ರೀತಿಯಿಂದ ಸ್ಮರಿಸುತ್ತಾರೆ. ಆ ಚಿತ್ರಗಳನ್ನು ತಮ್ಮ ಗುಂಪುಗಳಲ್ಲಿ ಹಂಚಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಆ ನಗೆ ಆರೋಗ್ಯಕರವಾದುದು. ಏಕೆಂದರೆ ನಗುವವರೂ ನಗೆಗೀಡಾದವರೂ ಅವರೇ. ಗದರಿದ ಗುರುಗಳು ಗದರಿಕೆಯನ್ನು ಶಾಲೆಯ ಅಂಗಳದಲ್ಲಿಯೇ ಮುಗಿಸಿದರು. ಅದರ ಚಿತ್ರ ತೆಗೆದು ಜಿಲ್ಲೆಗೆಲ್ಲ ಹಂಚಲಿಲ್ಲ. ಅಂದಿನ ಹರೆಯದ ಹುಚ್ಚಿಗೆ ಮರೆವು ಎಂಬ ಔಷಧವಿತ್ತು. ಇಂದಿನ ಹುಚ್ಚಿಗೆ ಆ ಔಷಧ ದೊರೆಯುತ್ತಿಲ್ಲ.

ಹಾಗೆಂದು ನಗೆಯನ್ನೇ ನಿಷೇಧಿಸಬೇಕೆಂದರೆ ಅದು ಅವಿವೇಕ. ಅಧಿಕಾರದ ಡಂಭವನ್ನು ಚುಚ್ಚಲು ನಗೆಗಿಂತ ಹರಿತವಾದ ಸೂಜಿಯಿಲ್ಲ. ಜಾಲದಲ್ಲಿ ಕಿರಿಕಿರಿಯಾಗುವಂಥದ್ದನ್ನು ಬರೆದವರನ್ನು ಜೈಲಿಗೆ ಕಳುಹಿಸಬಹುದಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ವಿಧಿಯನ್ನು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ಅಸಿಂಧುವೆಂದು ಸಾರಿತು. ಅದು ಸರಿಯಾದ ತೀರ್ಪು. ಕಾನೂನು ಹಿಂದೆ ಸರಿದ ಜಾಗದಲ್ಲಿ ಶಿಕ್ಷಣ ಮುಂದೆ ಬರಬೇಕು. ನಗೆ ಮೇಲಕ್ಕೆ ಹತ್ತುತ್ತಿದೆಯೋ ಕೆಳಕ್ಕೆ ಬೀಳುತ್ತಿದೆಯೋ, ಇನ್ನೊಬ್ಬನು ಆಯ್ದುಕೊಂಡದ್ದನ್ನು ಕುರಿತು ನಗುತ್ತಿದ್ದೇವೋ ಅವನಿಗೆ ಆಯ್ಕೆಯೇ ಇಲ್ಲದ ಬಡತನವನ್ನು ಕುರಿತು ನಗುತ್ತಿದ್ದೇವೋ, ಎದುರಿಗೆ ನಿಂತು ಇದೇ ಮಾತನ್ನು ಆಡಬಲ್ಲೆವೋ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲು ಹುಡುಗರಿಗೆ ಕಲಿಸುವುದು ವ್ಯಾಕರಣ ಕಲಿಸುವುದಕ್ಕಿಂತ ಕಷ್ಟವೇನಲ್ಲ.

ಆ ಕನ್ನಡದ ಮೇಷ್ಟರು ಅದಕ್ಕಾಗಿ ಒಂದು ಗಂಟೆಯನ್ನು ಮೀಸಲಿಟ್ಟರು. ಗದರಲಿಲ್ಲ, ಯಾರು ಮಾಡಿದರೆಂದು ವಿಚಾರಿಸಲೂ ಇಲ್ಲ. ಕಪ್ಪುಹಲಗೆಯ ಮೇಲೆ ಶರಣರ ಹೆಸರುಗಳನ್ನು ಬರೆದು, ಹೆಸರಿನ ಮುಂದಿನ ಕಸುಬನ್ನು ಅಳಿಸುತ್ತ ಹೋದರು. ಚಂದಯ್ಯ, ಕೇತಯ್ಯ, ಚೌಡಯ್ಯ ಎಂದಷ್ಟೇ ಉಳಿಯಿತು. “ಈಗ ಇವರು ಯಾರೆಂದು ಹೇಳಿ” ಎಂದರು. ಯಾರಿಗೂ ಹೇಳಲಾಗಲಿಲ್ಲ. ಬಳಿಕ ಪ್ರತಿಯೊಬ್ಬರೂ ತಮ್ಮ ಮನೆಯ ಕಸುಬನ್ನು ತಮ್ಮ ಹೆಸರಿನ ಮುಂದೆ ಬರೆಯಬೇಕೆಂದರು. ಮೊದಲು ಹಿಂಜರಿಕೆ, ಆಮೇಲೆ ಪಿಸುನಗೆ, ಆಮೇಲೆ ಮೌನ. ಕೊನೆಗಾರ, ಡ್ರೈವರ್, ಅಂಗನವಾಡಿಯ ಅಡುಗೆ, ಕಾಫಿತೋಟದ ಕೂಲಿ, ಹೀಗೆ ಒಂದೊಂದಾಗಿ ಹಾಳೆಗಳ ಮೇಲೆ ಮೂಡಿದವು. ಚಿತ್ರವನ್ನು ಮಾಡಿದ ಹುಡುಗನು ಗಂಟೆ ಹೊಡೆಯುವವರೆಗೂ ಲೇಖನಿಯನ್ನು ಹಿಡಿದುಕೊಂಡೇ ಕುಳಿತಿದ್ದನು. ಆ ಸಂಜೆ ಅವನು ಗುಂಪಿನಿಂದ ಚಿತ್ರವನ್ನು ಅಳಿಸಿದನು. ಅಷ್ಟರೊಳಗೆ ಅದು ಬೇರೆ ಶಾಲೆಗಳ ಹುಡುಗರ ಕೈಸೇರಿ ಆಗಿತ್ತು.

ಗೇಲಿಗೊಳಗಾದ ಹುಡುಗ ಮರುದಿನ ಶಾಲೆಗೆ ಬಂದನು. ತಲೆಗೂದಲನ್ನು ಬುಡಮಟ್ಟ ಕತ್ತರಿಸಿಕೊಂಡಿದ್ದನು. ಅದು ಅವನ ಸೋಲೋ ಗೆಲುವೋ ಎಂಬುದನ್ನು ಯಾರೂ ಹೇಳಲಾರರು. ಅವನನ್ನು ಕೇಳುವ ಧೈರ್ಯವೂ ಯಾರಿಗೂ ಬರಲಿಲ್ಲ. ಅವನ ಹಾಳೆಯನ್ನು ಮೇಷ್ಟರು ಪ್ರತ್ಯೇಕವಾಗಿ ಕೇಳಿ ಪಡೆದರು. ಅದರಲ್ಲಿ ಹೆಸರಿನ ಮುಂದೆ ‘ಚಪ್ಪರದ’ ಎಂಬ ಪದವನ್ನು ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದನು.

ಮಠದ ಶಾಲೆಗಳಲ್ಲಿ ಸಮವಸ್ತ್ರವೂ ಸಹಪಂಕ್ತಿಯೂ ಬಂದುದು ಉಳ್ಳವನ ಮಗನನ್ನೂ ಇಲ್ಲದವನ ಮಗನನ್ನೂ ಒಂದೇ ಸಾಲಿನಲ್ಲಿ ಕೂರಿಸುವುದಕ್ಕಾಗಿ. ದಾನಿಗಳು ಕೊಟ್ಟ ಬಟ್ಟೆ ಆ ಕೆಲಸವನ್ನು ಸಂಜೆಯ ಗಂಟೆಯವರೆಗೆ ಚೆನ್ನಾಗಿಯೇ ಮಾಡುತ್ತದೆ. ಗಂಟೆ ಹೊಡೆದ ಮೇಲೆ ಮಕ್ಕಳು ಪ್ರವೇಶಿಸುವ ಇನ್ನೊಂದು ಅಂಗಳದಲ್ಲಿ ಸಮವಸ್ತ್ರವಿಲ್ಲ, ಗುರುಗಳ ಕಣ್ಣಿಲ್ಲ, ಮರೆವೂ ಇಲ್ಲ. ಅಲ್ಲಿಗೂ ಅವರೊಡನೆ ಹೋಗಬಲ್ಲದ್ದು ಒಳಗಿನಿಂದ ನೇಯ್ದ ವಿವೇಕವೊಂದೇ. ಅದನ್ನು ನೇಯುವ ಮಗ್ಗ ಅಧ್ಯಾಪಕರ ಕೈಯಲ್ಲಿದೆ. ನೂಲು ಒದಗಿಸಬೇಕಾದವರು ಹಿರಿಯರೆಲ್ಲರೂ.